ಐಸ್ ಟೋಕನ್

ಆಗಸ್ಟ್ ಒಂದು, ಬೆಳಗಿನ ನಾಲ್ಕೂ ಐದು.
ಎರಡು ತಿಂಗಳು ಹಗ್ಗಕ್ಕೆ ಕಟ್ಟಿಸಿಕೊಂಡು ಕೂತಿದ್ದ ಬೋಟುಗಳೆಲ್ಲ
ದಕ್ಕೆಯಲ್ಲಿ ಒಟ್ಟಿಗೇ ಕೆಮ್ಮಿದವು.
ಅದೇ ನಿಮಿಷಕ್ಕೆ ಒಂಬೈನೂರು ಹೆಬ್ಬೆರಳು
ಒಂದೇ ಬಟನ್ ಒತ್ತಿದವು:
ಐಸ್ ಬೇಕು.

ನಮ್ಮದು ಒಂದು ಸರ್ವರ್. ಒಂದೇ ಒಂದು.
ಸೊಸೈಟಿಯ ಹಿಂದಿನ ಕೋಣೆಯಲ್ಲಿ
ಉಪ್ಪುಗಾಳಿ ತಿಂದು ಬಿಟ್ಟ ಕಪಾಟಿನ ಮೇಲೆ
ಅದು ಸ್ವಲ್ಪ ಹೊತ್ತು ಯೋಚಿಸಿತು.
ಆಮೇಲೆ ಯೋಚಿಸುವುದನ್ನೇ ಬಿಟ್ಟಿತು.

ಇದ್ದಿನಾಕ ಫೋನಿನಲ್ಲಿ ಬೈಯಲಿಲ್ಲ, ಅದೇ ಕಷ್ಟ.
"ಬಾಯಮ್ಮಾ, ತಿರುಗುತ್ತಾ ಉಂಟು," ಎಂದರು,
"ಬರೀ ತಿರುಗುತ್ತಾ ಉಂಟು."

ಆಯ್ಕೆಯ ದಿನ ನೆನಪಾಯಿತು.
ವೆಬ್‌ಲಾಜಿಕ್ಕಿನ ದರ ಓದಿ ಸೆಕ್ರೆಟರಿ ಮೆಂಡನ್ನರು
ಕನ್ನಡಕ ತೆಗೆದು, ಒರೆಸಿ, ಇನ್ನೊಮ್ಮೆ ಓದಿದರು.
ಒಂದು ಸೊನ್ನೆಯೂ ಅಳಿಸಿಹೋಗಲಿಲ್ಲ.
"ಈ ಇನ್ನೊಂದರ ಹೆಸರು ಎಂತ?"
"ಟಾಮ್‌ಕ್ಯಾಟ್. ಗಂಡು ಬೆಕ್ಕು."
"ಪುಕ್ಕಟೆಯಾ?"
"ಪುಕ್ಕಟೆ."
"ಹಾಗಾದರೆ ಮೀನಿನ ಸೊಸೈಟಿಗೆ ಬೆಕ್ಕೇ ಸರಿ."
ನಕ್ಕರು, ಠರಾವು ಬರೆಸಿದರು.
ಯಾವ ಬೆಕ್ಕು ಎಂಬುದಲ್ಲ, ಎಷ್ಟು ಬೆಕ್ಕು ಎಂಬುದನ್ನು
ನಾನು ಅಲ್ಲಿ ಕೇಳಬೇಕಿತ್ತು.
ಕೇಳಲಿಲ್ಲ. ಚಹಾ ಬಂದಿತ್ತು.

ಜುಲೈಯಲ್ಲಿ ಮೆಮೊರಿ ಹೆಚ್ಚಿಸಿದ್ದೆ, ಎಂಟಿದ್ದದ್ದು ಹದಿನಾರು.
ಅಂಗಳ ದೊಡ್ಡದಾದರೆ ಗುಡಿಸುವ ಹೊತ್ತೂ ಉದ್ದ;
ಜಾವಾ ಕಸ ಗುಡಿಸುವಾಗ
ಬಂದವರೆಲ್ಲ ಹೊರಗೆ ನಿಲ್ಲಬೇಕು,
ಐಸಿಗೆ ಕಾದವರು, ಡೀಸೆಲಿಗೆ ಕಾದವರು, ಎಲ್ಲ.

ಮೂರು ಸಲ ಎಬ್ಬಿಸಿ, ಮೂರು ಸಲ ಮಲಗಿಸಿ,
ಆರೂವರೆಗೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ನಡೆದೆ.
ಬನ್ಸ್ ತಣ್ಣಗಿತ್ತು. ಹಸಿವೂ.

ಅಲ್ಲಿ ಐತಪ್ಪಣ್ಣ, ಟೈಮ್‌ಕೀಪರ್.
ಬಸ್ಸು ಬಿಡಲು ಅವರಿಗೆ ಬಾರದು,
ಟಿಕೇಟು ಹರಿಯುವ ಕೆಲಸವೂ ಅವರದ್ದಲ್ಲ.
ಬಾಯಲ್ಲಿ ಸೀಟಿ, ಕೈಯಲ್ಲಿ ನೋಟುಬುಕ್ಕು, ಅಷ್ಟೇ.
ತುಂಬಿದ್ದನ್ನು ಅಟ್ಟುತ್ತಾರೆ, ಖಾಲಿಯನ್ನು ಎಳೆಯುತ್ತಾರೆ.
ಬಾನೆಟ್ಟಿಗೊಂದು ಪೆಟ್ಟು ಕೊಟ್ಟು ಕಿವಿಯಾನಿಸುತ್ತಾರೆ;
ಒಳಗಿನಿಂದ ಮಾತು ಬರದಿದ್ದರೆ
ಆ ಬಸ್ಸಿಗೆ ಒಂದು ನರಪಿಳ್ಳೆಯನ್ನೂ ಹತ್ತಿಸುವುದಿಲ್ಲ.
ಪೋಯಿ. ಮೂರು ನಿಮಿಷ. ಪೋಯಿ.

ಜಲಜಕ್ಕ ಮಾತ್ರ ಬುಟ್ಟಿ ಇಳಿಸಿ ಕೂತಿದ್ದಾಳೆ.
ಖಾಲಿ ಬಸ್ಸು ಒಂದು ಹೋಯಿತು, ಇನ್ನೊಂದು ಹೋಯಿತು.
ಅವಳಿಗೆ ಒಂದೇ ಬಸ್ಸು ಆಗಬೇಕು:
ಅದರ ಕಂಡಕ್ಟರ್ ಗ್ಲಾಡ್ಸನ್ ನಿನ್ನೆ ಕೊಡದ
ಎಂಟು ರೂಪಾಯಿ ಚಿಲ್ಲರೆ
ಅವನ ತಲೆಯಲ್ಲಿ ಉಂಟು.
ಬೇರೆ ಯಾವ ತಲೆಯಲ್ಲಿಯೂ ಇಲ್ಲ.

ನನ್ನ ಬೆಕ್ಕಿನ ಹೊಟ್ಟೆಯಲ್ಲೂ ಹಾಗೇ,
ಅರ್ಧ ತುಂಬಿಸಿದ ಒಂಬೈನೂರು ಫಾರಮು.
ಬೆಕ್ಕು ಬಿದ್ದರೆ ಅವೂ ಬಿದ್ದವು.

ಗ್ಲಾಡ್ಸನ್ನನ ಬಸ್ಸು ನಂತೂರಿನಲ್ಲಿ ಎಕ್ಸೆಲ್ ಮುರಿದು ನಿಂತ ಸುದ್ದಿ ಬಂತು.
ಜಲಜಕ್ಕನ ಮುಖ ನೋಡಬೇಕಿತ್ತು. ಎಂಟು ರೂಪಾಯಿ ಅಲ್ಲವಾ!
ಐತಪ್ಪಣ್ಣ ನೋಟುಬುಕ್ಕಿನ ಹಿಂದಿನ ರಟ್ಟು ತಿರುಗಿಸಿ
ಉಗುಳು ತಾಗಿಸಿದ ಪೆನ್ಸಿಲಿನಿಂದ ಬರೆದರು:
ಜಲಜ. ಎಂಟು.
"ಇನ್ನು ಯಾವುದಕ್ಕೂ ಹತ್ತು. ಯಾರು ಬೇಕಾದರೂ ಕೊಡುತ್ತಾರೆ,
ನನ್ನಲ್ಲಿ ಬಂದು ನೋಡಲಿ."

ಬನ್ಸ್ ಅರ್ಧಕ್ಕೆ ಬಿಟ್ಟು ಓಡಿದೆ.

ಈಗ ಮೂರು ಬೆಕ್ಕು, ಸಣ್ಣವು.
ಮುಂದೆ ಒಬ್ಬ ಸೀಟಿಯವನು,
ಹತ್ತು ಸೆಕೆಂಡಿಗೊಮ್ಮೆ ಬಾನೆಟ್ ತಟ್ಟುತ್ತಾನೆ.
ಲೆಕ್ಕವೆಲ್ಲ ಪಕ್ಕದ ರಟ್ಟಿನಲ್ಲಿ, ಯಾರ ತಲೆಯಲ್ಲೂ ಇಲ್ಲ.
ಒಂಬತ್ತನೇ ತಾರೀಕು ನಡುಬೆಕ್ಕು ಸತ್ತಿತು.
ನಾಲ್ಕೂ ಐದಕ್ಕೇ ಸತ್ತಿತು.
ಐಸು ಹೋಯಿತು, ಬೋಟು ಹೋಯಿತು,
ಇದ್ದಿನಾಕ ಫೋನು ಮಾಡಲಿಲ್ಲ.
ಈ ಕೆಲಸದಲ್ಲಿ ಹೊಗಳಿಕೆ ಎಂದರೆ ಅಷ್ಟೇ.

ನಿನ್ನೆ ಸಂಜೆ ಸ್ಟ್ಯಾಂಡಿನಲ್ಲಿ ಕೇಳಿಯೇ ಬಿಟ್ಟೆ:
"ಐತಪ್ಪಣ್ಣ, ನಿಮಗೇ ಒಂದು ದಿನ ಜ್ವರ ಬಂದರೆ?"
ಅವರು ಸೀಟಿ ತೆಗೆದು, ಅಂಗಿಗೆ ಒರೆಸಿ,
ನನ್ನನ್ನೇ ನೋಡಿದರು.
ಹಿಂದೆ ಏಳು ಬಸ್ಸು ಹಾರ್ನ್ ಹೊಡೆಯುತ್ತಿದ್ದವು.

ಮುಂದೆ ನಿಂತವನೂ ಒಬ್ಬನೇ.
ಇದನ್ನು ಠರಾವಿಗೆ ಹಾಕಿಸಬೇಕು,
ಮುಂದಿನ ಸಭೆಯಲ್ಲಿ,
ಚಹಾ ಬರುವ ಮೊದಲು.