ತೂಬಿನಕೆರೆಯಲ್ಲಿ ತೂಬು ಇಳಿಸಿದ್ದು

ಸೋಮವಾರದೊಳಗೆ ಎಲ್ಲ ಮುಚ್ಚಬೇಕು ಅಂದರು ಯಜಮಾನರು.
ಎಲ್ಲ ಅಂದರೆ? ಕೇಳಿದೆ.
ಎಲ್ಲ ಅಂದರೆ ಎಲ್ಲ ಕಣಮ್ಮ,
ಹಿಂಡಿ, ಬೂಸಾ, ಬಿಲ್ಲು, ಜಿಎಸ್‌ಟಿ ಬಿಟ್ಟು.

ಅವರ ಸಿಟ್ಟಿಗೂ ಕಾರಣವಿತ್ತು, ಸುಳ್ಳು ಹೇಳಬಾರದು.
ಮ್ಯಾಚಿನ ಕೊನೇ ಓವರಿನಲ್ಲಿ ಯೋಗಾನಂದ
ನಾಗಮಂಗಲದ ಲಾರಿಗೆ ಮಳವಳ್ಳಿ ಚೀಟಿ ಹರಿದುಕೊಟ್ಟ.
ಇನ್ನೂರ ನಲವತ್ತು ಮೂಟೆ ಪಶು ಆಹಾರ
ಎರಡು ದಿನ ಊರೂರು ಸುತ್ತಿ
ಅರ್ಧ ನೆನೆದು, ಮುಗ್ಗಲು ಹಿಡಿದು ವಾಪಸು ಬಂತು.

ಊಟದ ಹೊತ್ತಾದರೂ ತೆಗೆಯೋಣ ಸಾರ್ ಅಂದೆ.
ಊಟದ ಹೊತ್ತು ಊಟ ಮಾಡಲಿ ಅಂದರು.
ತಪ್ಪು ಅನ್ನಿಸಲಿಲ್ಲ. ಸರಿಯೂ ಅನ್ನಿಸಲಿಲ್ಲ.

ಹದಿನೆಂಟು ಸಾವಿರ ಸಂಬಳದ ನಾನು
ಮೊದಲು ಹಿಂದಿನ ತಿಂಗಳ ದಾಖಲೆ ತೆಗೆದೆ:
ಯಾರು, ಯಾವ ಹೊತ್ತು, ಎಲ್ಲೆಲ್ಲಿ ಹೋಗಿದ್ದರು
ಕೂತ ಕುರ್ಚಿಯಿಂದ ಏಳದೆ.

ಮಧ್ಯಾಹ್ನ ಮೂರೂವರೆ. ಲೆಕ್ಕದ ಮೇಜು. ಹೊಂಬಾಳಮ್ಮ.
"ಎದೆಯಲ್ಲಿ ಗಂಟು ನೋವಿಲ್ಲದಿದ್ದರೆ"
ಎರಡು ನಿಮಿಷ ಬಿಟ್ಟು ಅದೇ, ಅಕ್ಷರ ತಪ್ಪಿ.
ಮತ್ತೆ, "ಮೈಸೂರು ದೊಡ್ಡಾಸ್ಪತ್ರೆ ಎಷ್ಟು ಗಂಟೆಗೆ."
ಮೈಸೂರು. ಮಂಡ್ಯದ್ದಲ್ಲ, ಇಲ್ಲಿ ಎಲ್ಲರೂ ಗುರುತು.
ಆಮೇಲೆ ಐದೂವರೆವರೆಗೂ ಬರೀ ಬಿಲ್ಲು,
ಒಂದೂ ತಪ್ಪಿಲ್ಲದ ಬಿಲ್ಲು.

ಗೇಟಿನ ಸಿದ್ದಲಿಂಗು ರಾತ್ರಿ ಪಾಳಿಯಲ್ಲಿ
ಗಂಟೆಗೊಮ್ಮೆ ಕನ್ನಂಬಾಡಿ ಕಟ್ಟೆಯ ಮಟ್ಟ ನೋಡುತ್ತಾನೆ.
ಅವನಿಗೆ ಗೇಣು ಗದ್ದೆಯೂ ಇಲ್ಲ.

ಉಗ್ರಾಣದ ನಾಝಿಮಾ: ಬಾಡಿಗೆ ಮನೆ, ಗುತ್ತಲು, ಒಂಟಿ ಹೆಂಗಸಿಗೆ.
ಬಾಡಿಗೆ ಮನೆ, ಕಲ್ಲಹಳ್ಳಿ.
ಬಾಡಿಗೆ ಮನೆ.
ಯೋಗಾನಂದ: ಸ್ಕೋರು, ಸ್ಕೋರು, ಸ್ಕೋರು,
ಒಂದು ದಿನ ಮಾತ್ರ "ಕೆಲಸ ಬಿಡುವ ಪತ್ರ ಬರೆಯುವುದು ಹೇಗೆ."
ಯಜಮಾನರದೂ ಇತ್ತು ಪಟ್ಟಿಯಲ್ಲಿ.
ಅದನ್ನು ನಾನು ಹೇಳುವುದಿಲ್ಲ.

ನಮ್ಮ ತಾತ ನೀರುಗಂಟಿ, ನಾಲೆಯ ಕೊನೇ ಊರಲ್ಲಿ.
ಹೆಗಲ ಮೇಲೆ ಸಲಿಕೆ, ಸೊಂಟದಲ್ಲಿ ತೂಬಿನ ಕೀಲಿ,
ಸುಗ್ಗಿಯಲ್ಲಿ ಮೊರ ಭತ್ತ, ಉಳಿದ ತಿಂಗಳು ಬೈಗುಳ.
ಯಾರ ಗದ್ದೆ ಬಿರಿದಿದೆ, ಯಾರು ರಾತ್ರಿ ಬದು ಕಡಿದರು,
ಎಲ್ಲ ಗೊತ್ತು. ಯಾರ ಜಗಲಿಯಲ್ಲೂ ಬಾಯಿ ಬಿಡಲಿಲ್ಲ.
"ನೀರು ತಿರುಗ್ಸೋನು ಮಾತು ತಿರುಗ್ಸಬಾರ್ದು ಕಣವ್ವ"
ಅನ್ನುತ್ತಿತ್ತು ಮುದುಕ, ಎಲೆಯಡಿಕೆ ಉಗಿದು,
"ತೂಬ ಪೂರಾ ಇಳಿಸ್ಬುಟ್ರೆ ನೀರೇನ್ ನಿಂತ್ಕತದಾ?
ಏಡಿ ಬಿಲ ಹುಡುಕ್ಕತದೆ."

ಸೋಮವಾರ ಇಳಿಸಿದೆ.
ಸಂಬಳ ಅವರದು, ತಂತಿ ಅವರದು, ಹೊತ್ತೂ ಅವರದೇ,
ಒಂಬತ್ತರಿಂದ ಐದೂವರೆ ಬರೆದುಕೊಟ್ಟಿದ್ದೇವೆ.
ಆದರೆ ಆ ಹೊತ್ತಿನಲ್ಲಿ ಗಂಟು ಬೆಳೆಯುವುದಿಲ್ಲ ಅಂತ
ಯಾರೂ ಬರೆದುಕೊಟ್ಟಿರಲಿಲ್ಲ.

ಹತ್ತೂಕಾಲಿಗೆ ಮೇಜು ಮೇಜಿಗೂ ಕೆಂಪು ಅಕ್ಷರ:
ಈ ಪುಟಕ್ಕೆ ಅನುಮತಿ ಇಲ್ಲ.
ಹನ್ನೊಂದಕ್ಕೆ ಕಕ್ಕಸಿನ ಮುಂದೆ ಸಾಲು.
ಮೆಟ್ಟಿಲ ಕೆಳಗೆ, ಬೂಸಾ ಮೂಟೆಯ ಹಿಂದೆ
ಅಂಗೈಯಗಲದ ಬೆಳಕು, ಅಲ್ಲೊಂದು ಇಲ್ಲೊಂದು.
ಯೋಗಾನಂದನ ಜೇಬಿನೊಳಗೆ
ಯಾವುದೋ ಊರಿನ ಜನ ಕೇಕೆ ಹಾಕುತ್ತಿದ್ದರು.
ಹೊಂಬಾಳಮ್ಮನದು ಗುಂಡಿ ಒತ್ತುವ ಫೋನು.

ಮಂಗಳವಾರ ನನ್ನ ಮೇಜಿಗೆ ಬಂದಳು
ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ.
"ಒಂದು ಪುಟ ತೆಗೀತದಾ ಮೇಡಂ? ಐದೇ ನಿಮಿಷ.
ಏನೂ ಅಲ್ಲ, ಅಡುಗೇದು."

ಯಾವ ಅಡುಗೆ ಅಂತ ಕೇಳಲಿಲ್ಲ.
ಕುರ್ಚಿ ಬಿಟ್ಟು ಎದ್ದೆ, ಕಿಟಕಿಗೆ ಮುಖ ಮಾಡಿ ನಿಂತೆ.
ಹೊರಗೆ ಯೋಗಾನಂದ ಲಾರಿಯ ಚೀಟಿಯನ್ನು
ಎರಡೆರಡು ಸಲ ಓದಿ ಹರಿಯುತ್ತಿದ್ದ.
ಬೆನ್ನ ಹಿಂದೆ ಕೀಲಿ ಒತ್ತುವ ಸದ್ದು,
ಒಂದು. ಆಮೇಲೆ ಇನ್ನೊಂದು.
ಆಮೇಲೆ ಬಹಳ ಹೊತ್ತು ಏನೂ ಇಲ್ಲ.

ಸಂಜೆ ದಾಖಲೆಯಲ್ಲಿ ಅವಳ ಪ್ರಶ್ನೆ
ನನ್ನ ಹೆಸರಿನ ಮುಂದೆ ಕೂತಿತ್ತು.
ತಿಂಗಳ ಕೊನೆಗೆ ಯಜಮಾನರು ಪಟ್ಟಿ ನೋಡುತ್ತಾರೆ.
ಕೇಳಿದರೆ, ಅಡುಗೇದು.