ಒಂಬತ್ತು ಸುತ್ತು

ಸಿದ್ದಾಪುರದಲ್ಲಿ ಮೀನು ಮಾರ್ಕೆಟ್ಟಿನ ಹಿಂದೆ
ಹಂಸಾಕನ ಟೈರಂಗಡಿ.
ಸಾವ್ಕಾರ್ರ ಕಾರು ಜ್ಯಾಕಿನ ಮೇಲೆ
ಒಂದು ಕಾಲೆತ್ತಿ ನಿಂತಿದೆ,
ಲಾಳ ಹೊಡೆಸಿಕೊಳ್ಳುವ ಕುದುರೆಯ ಹಾಗೆ.

ನಾನು ತೋಟದ ರೈಟ್ರು.
ಅಂದರೆ ತೂಕ ಬರೆಯುವವನು.
ಹಣ್ಣು ಎಷ್ಟು ಕಿಲೋ, ಆಳು ಎಷ್ಟು, ಡೀಸೆಲ್ ಎಷ್ಟು,
ಮಂಗ ತಿಂದು ಉಗಿದದ್ದೆಷ್ಟು
(ಅದಕ್ಕೂ ಒಂದು ಕಾಲಂ ಇದೆ).

‘ವಾಸನೆ ಬಂತಾ ರೈಟ್ರೇ?’
ಬಂತು. ಮಾಲ್ದಾರೆ ದಾಟುವಾಗಲೇ ಬಂದಿತ್ತು.
ಯಾರೋ ಕಾಫಿ ಹುರಿಯುತ್ತಾ
ಮಾತಿಗೆ ನಿಂತು ಸೀಯಿಸಿಬಿಟ್ಟರು ಅಂದುಕೊಂಡು
ಗಾಜು ಏರಿಸಿದೆ.
ವಾಸನೆ ಒಳಗೇ ಉಳಿಯಿತು.

ಹಂಸಾಕ ಕುಕ್ಕರಗಾಲಲ್ಲಿ ಕೂತು
ಗೋರಿಕಲ್ಲು ಓದುವವನಂತೆ ಬೆರಳಿಟ್ಟು ಓದಿದ:
ಮುಂದಿನೆರಡು, ಇನ್ನೂರ ಇಪ್ಪತ್ತೈದು.
ಹಿಂದಿನೆರಡು, ಇನ್ನೂರ ಹದಿನೈದು.
‘ಯಾರು ಹಾಕಿದ್ದು?’
ಪಿರಿಯಾಪಟ್ಟಣದಲ್ಲಿ, ಎಂದೆ.
ಯಾರು ಎಂದು ಕೇಳಿದರೆ ಊರು ಹೇಳುವುದು
ನನಗೆ ರೂಢಿ.

ಪಳಂಗಪ್ಪ ಸಾವ್ಕಾರ್ರು ಕೊಟ್ಟದ್ದು
ನಾಲ್ಕು ಹೊಸ ಟೈರಿನ ದುಡ್ಡು.
ಬಂದದ್ದು ಎರಡು, ಹಳತು, ಕಪ್ಪು ಪಾಲಿಶ್ ಹಚ್ಚಿದ್ದು.
ವೋಚರಿನಲ್ಲಿ ಮಾತ್ರ ನಾಲ್ಕು.
ಸೈಜು ಒಂದಿಷ್ಟು ದೊಡ್ಡದು ಅಂದಿದ್ದ ಆ ಹುಡುಗ,
ರಿಮ್ಮಿಗೆ ಕೂರುತ್ತೆ ಅಂದಿದ್ದ.
ಕೂತಿತ್ತು.

ಹಂಸಾಕ ವಾದ ಮಾಡುವವನಲ್ಲ.
ಎರಡೂ ಚಕ್ರ ಬಿಚ್ಚಿ ತಂದ.
ಎರಡಕ್ಕೂ ಸುಣ್ಣದ ಬಳಪದಲ್ಲಿ ಒಂದೊಂದು ಗೀಟೆಳೆದು
ಸಿಮೆಂಟು ನೆಲದ ಮೇಲೆ ಒಂದೇ ಗೆರೆಯಿಂದ ಉರುಳಿಸಿದ,
ಒಂದೇ ಒಂದು ಸುತ್ತು.
ಚಿಕ್ಕದು ಇಲ್ಲಿ ನಿಂತಿತು. ದೊಡ್ಡದು
ಎರಡು ಬೆರಳು ಆಚೆ.

ಎರಡು ಬೆರಳು ಅಷ್ಟೆ ತಾನೆ?
ಲೆಕ್ಕದವನ ತಲೆ, ಸುಮ್ಮನಿರಲಿಲ್ಲ:
ಕಿಲೋಮೀಟರಿಗೆ ಒಂಬತ್ತು ಸುತ್ತು ಹೆಚ್ಚು
ಹಿಂದಿನ ಪುಟ್ಟ ಚಕ್ರಕ್ಕೆ.
ಮಡಿಕೇರಿಗೆ ಹೋದರೆ ಮುನ್ನೂರು.
ಬಂದರೆ ಇನ್ನು ಮುನ್ನೂರು.
ಮೂರು ತಿಂಗಳಿಂದ ಓಡಿಸಿದ್ದೇನೆ.

ಎತ್ತು ಏರಿಗೆ, ಕೋಣ ನೀರಿಗೆ ಅಂದ ಹಾಗಾಯ್ತು,
ಎಂದೆ ನಗುತ್ತಾ.
‘ಅಲ್ಲ ರೈಟ್ರೇ. ಹಾಗಾದರೆ ಗೊತ್ತಾಗ್ತಿತ್ತಲ್ಲ,
ನೊಗವೇ ಮುರೀತಿತ್ತು.
ಇಲ್ಲಿ ನಾಲ್ಕೂ ಒಂದೇ ದಿಕ್ಕಿಗೆ ಎಳೀತವೆ,
ಒಂದೇ ದಾರಿ, ಒಂದೇ ಊರು.
ಹೆಜ್ಜೆ ಮಾತ್ರ ಬೇರೆ.
ಎರಡೇ ಚಕ್ರ ಎಳೆಯುವ ಕಾರಾದರೆ ಹೇಗೋ ಸಹಿಸ್ತಿತ್ತು.
ಇದರಲ್ಲಿ ಮುಂದಿನ ಹೆಜ್ಜೆಗೂ ಹಿಂದಿನ ಹೆಜ್ಜೆಗೂ
ನಡುವೆ ಒಂದು ಡಬ್ಬಿ ರಾಜಿ ಮಾಡಿಸಬೇಕು.
ತಿರುವಿನಲ್ಲಿ ಮಾತ್ರ ಮಾಡಿಸೋ ರಾಜಿ,
ನೀವು ನೇರ ರಸ್ತೆಯಲ್ಲೂ ಮಾಡಿಸಿದ್ರಿ.
ಪುರುಸೊತ್ತೇ ಕೊಡಲಿಲ್ಲ.’

ಡಬ್ಬಿಯ ಬಿರಡೆ ತೆಗೆದ.
ಜೇನಿನ ಬಣ್ಣದಲ್ಲಿ ಇಳಿಯಬೇಕಾದ ಎಣ್ಣೆ
ಕಾಡಿಗೆಯಾಗಿ ಇಳಿಯಿತು,
ಅದರಲ್ಲಿ ಕಬ್ಬಿಣದ ಮಿನುಗು ಪುಡಿ.
ಅಂಗೈಯಲ್ಲಿ ತಿಕ್ಕಿ ತೋರಿಸಿದ.
ನಾನು ಉಳಿಸಿದ್ದು ಹದಿನಾಲ್ಕು ಸಾವಿರ.
ಅವನು ಹೇಳಿದ ಮೊತ್ತ
ಇಲ್ಲಿ ಬರೆಯುವುದಿಲ್ಲ.

ಮಧ್ಯಾಹ್ನ ಬಸ್ಸಿನಲ್ಲಿ ತೋಟಕ್ಕೆ ಬಂದೆ.
ಸಂಜೆ ಕಣದಲ್ಲಿ ಎಂದಿನಂತೆ ತಕ್ಕಡಿ,
ಎಂದಿನಂತೆ ಸಾಲು, ಅಸ್ಸಾಮಿನವರು ಒಂದು ಕಡೆ,
ಹಾಡಿಯವರು ಒಂದು ಕಡೆ.
ಚೋಮಿಯ ಚೀಲ ಕೊಕ್ಕೆಗೆ ಬಿತ್ತು. ಮುಳ್ಳು ತೂಗಾಡಿ
ಮೂವತ್ತೆಂಟಕ್ಕೆ ನಿಂತಿತು.
ಮೂವತ್ತೇಳು, ಎಂದು ಬರೆಯಲು ಹೊರಟಿತು ಕೈ.
ಚೀಲದ ತೂಕ ಒಂದು ಕಿಲೋ ಕಳೆಯುವುದು
ನನಗಿಂತ ಹಿಂದಿನ ರೈಟ್ರ ಕಾಲದಿಂದ ಬಂದ ಲೆಕ್ಕ.

ಚೋಮಿ ಪುಸ್ತಕ ನೋಡುತ್ತಿರಲಿಲ್ಲ.
ನನ್ನ ಕೈ ನೋಡುತ್ತಿದ್ದಳು.
ಅಂಗೈಯಲ್ಲಿ ಇನ್ನೂ ಆ ಎಣ್ಣೆಯ ಕಪ್ಪು.

ಹಣ್ಣು ಸುರಿದು
ಖಾಲಿ ಚೀಲವನ್ನೊಮ್ಮೆ ಕೊಕ್ಕೆಗೆ ಹಾಕು, ಎಂದೆ.
ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ.
ಹಾಕಿದಳು.
ಮುಳ್ಳು ಅಲುಗಿತೋ ಇಲ್ಲವೋ.
ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು.