ಕಿಟಕಿ ನಂಬರ್ ಮೂರು

ಆಮಂತ್ರಣ ಪತ್ರಿಕಿ ಮ್ಯಾಲ ಮತ್ತ ಅದೇ ಗುಮ್ಮಟ ಹಾಕ್ಯಾರ.
ಬೆಳ್ಳಿ ಹಬ್ಬ ವಿಶ್ವವಿದ್ಯಾಲಯದ್ದು, ನಮ್ಮ ಕಟ್ಟಡ ಹಾಕಬೇಕಿತ್ತು ಅಂದೆ.
"ಅದರ ಫೋಟೋ ಚಲೋ ಬರೂದಿಲ್ರಿ ಅಕ್ಕಾರ,
ಮುಂದ ನೀರಿನ ಟ್ಯಾಂಕಿ ಅಡ್ಡ ಬರ್ತೈತಿ"
ಅಂದ ಪ್ರೆಸ್ಸಿನ ಹುಡುಗ.

ಖರೇ. ಇಪ್ಪತ್ತೈದು ವರ್ಷದಿಂದ ಅಡ್ಡ ನಿಂತೈತಿ.
ಮೊದಲನೇ ವರ್ಷ ಟ್ಯಾಂಕಿ ಇತ್ತು, ನೀರು ಇರಲಿಲ್ಲ.
ಹಾಸ್ಟೆಲ್ ಹುಡುಗಿಯರು ಏಣಿ ಹತ್ತಿ, ಮುಚ್ಚಳ ಸರಿಸಿ,
ಬಗ್ಗಿ ತಮ್ಮ ತಮ್ಮ ಹೆಸರು ಕೂಗತಿದ್ರು.
ಗುಮ್ಮಟಕ್ಕಾದ್ರ ಟಿಕೀಟು. ಇದು ಪುಕ್ಕಟೆ.
ನಾನೂ ಕೂಗಿದ್ದೆ. ಎರಡು ಸಲ ತಿರುಗಿ ಬಂದಿತ್ತು,
ಎರಡನೇದು ಒಂಚೂರು ತುಕ್ಕು ಹತ್ತಿ.

ಈಗ ಪರೀಕ್ಷಾ ವಿಭಾಗದಾಗ ಕುಂದರತೀನಿ, ಕಿಟಕಿ ನಂಬರ್ ಮೂರು,
ಹೆಸರು ತಿದ್ದುಪಡಿ.
ಇನಾಮದಾರ ಹೋಗಿ ಜಮಾದಾರ ಆದವರು,
ಮದಿವ್ಯಾಗಿ ಅಡ್ಡಹೆಸರು ಬದಲಾದವರು,
ಗಂಡನ್ನ ಬಿಟ್ಟು, ಹಳೇದ ಬೇಕ್ರಿ ಅಂತ ಬಂದವರು.
ಚಲನ್ ತುಂಬ್ರಿ. ಅಫಿಡವಿಟ್ ತರ್ರಿ. ಸೋಮವಾರ ಬರ್ರಿ.

ಕುಲಸಚಿವರ ಕಚೇರಿಯಿಂದ ಚೀಟಿ ಬಂತು:
ಮೊದಲ ತಂಡದ ಸಾಧಕಿಯರ ಪಟ್ಟಿ, ಹತ್ತು ಹೆಸರು, ಫೋಟೋ ಸಹಿತ.
ಸಾಧಕಿಯರು ನನ್ನ ಕಪಾಟಿನಾಗ ಇರೂದಿಲ್ಲ.
ಅಲ್ಲಿರೂದು ಯಾರೂ ಒಯ್ಯದೆ ಉಳಿದ ಪದವಿ ಪತ್ರ,
ಮುನ್ನೂರಾ ಹನ್ನೊಂದು,
ಕೆಂಪು ದಾರ ಕಟ್ಟಿ, ನಡುವ ಡಾಂಬರ ಗುಳಿಗಿ ಇಟ್ಟದ್ದು.

ಸಬಿಹಾ ಬಾಗವಾನ, ಉರ್ದು, ಪ್ರಥಮ ದರ್ಜೆ.
ದುಂಡವ್ವ ತಳಕೇರಿ, ಸಮಾಜಕಾರ್ಯ.
ಕಸ್ತೂರಿ ಜಮಖಂಡಿ.
ಈಕಿ ನಡುರಾತ್ರಿ ವರಾಂಡದಾಗ ಹಗ್ಗ ಹಾರತಿದ್ಲು,
ನಿದ್ದಿ ಬರವಲ್ದು ಅಂತ.
ಕೆಳಗಿನ ಖೋಲಿಯವರಿಗೂ ಬರತಿದ್ದಿಲ್ಲ.

ಹಳೇ ಅರ್ಜಿ ತಗದು ಫೋನ್ ಹಚ್ಚಿದೆ.
ಆ ನಂಬರಿನ್ಯಾವೂ ಈಗ ಜೀವಂತ ಇಲ್ಲ.
ಒಂದು ಹೆಂಗೋ ಹತ್ತಿತು, ಸಿಂದಗಿ ಕಡೀದು, ಕಿರಾಣಿ ಅಂಗಡಿ.
"ದುಂಡವ್ವನಾ? ತಡೀರಿ" ಅಂತ ರಿಸೀವರ್ ಇಟ್ಟು ಹೋದ ಮನುಷ್ಯಾ.
ಆರು ನಿಮಿಷ ತಕ್ಕಡಿ ಸಪ್ಪಳ ಕೇಳಿದೆ.
ಯಾರೋ ಅರ್ಧ ಕಿಲೋ ಅವಲಕ್ಕಿ ಕೇಳಿದ್ರು,
ತೆಳ್ಳಂದು ಇಲ್ಲ, ದಪ್ಪಂದು ಐತಿ ಅಂದ್ರು ಯಾರೋ.
ಆಮ್ಯಾಲ ಓಡಿ ಬಂದ ಉಸಿರು.

"ಡಿಗ್ರೀ ಕಾಗದಾ? ಅಲ್ಲೇ ಇರಲಿ ಬಿಡವಾ,
ನಮ್ಮನ್ಯಾಗ ಗೆದ್ದಲ ಭಾಳ.
ಅಲ್ಲಿ ಐತಿ ಅಂತ ಗೊತ್ತಾತು, ಸಾಕು."
ತುಸು ತಡದು,
"ಟ್ಯಾಂಕಿ ಐತೇನ ಇನ್ನಾ?"
ಐತಿ ಅಂದೆ.
"ನೀರ ಬಂತೇನ?"
ಬಂತು, ಹನ್ನೆರಡನೇ ವರ್ಷಕ್ಕ.
"ಹಂಗಾದ್ರ ಈಗ ಕೂಗಿದ್ರ ಕೇಳೂದಿಲ್ಲ"
ಅಂದು ನಕ್ಕು ಇಟ್ಲು.

ಮುನ್ನೂರಾ ಹನ್ನೊಂದರಾಗ ಕಟ್ಟಕಡೀದು ನಂದು.
ನಿಂಗಮ್ಮ ಹೋಗಿ ಲಿಂಗಮ್ಮ ಅಂತ ಅಚ್ಚಾಗೇತಿ.
ಅಂಕಪಟ್ಟಿ ಮ್ಯಾಲ ನೌಕರಿ ಆತು, ಇದನ್ನ ಯಾರೂ ಕೇಳಲಿಲ್ಲ.
ಸಾವಿರ ಮಂದಿ ಹೆಸರು ತಿದ್ದಿದ ಕೈ ಇದು.
ಆ ಲಿಂಗಮ್ಮ ಯಾರೋ, ನನ್ನಷ್ಟ ಮಾರ್ಕು ತಗೊಂಡಾಕಿ,
ಕತ್ತಲಾಗ ಗುಳಿಗಿ ವಾಸನಿ ಕುಡಕೋತ
ಇಪ್ಪತ್ಮೂರು ವಯಸ್ಸಿಗೇ ನಿಂತಾಳ.

ಸಂಜೀಮುಂದ ಪಟ್ಟಿ ಕಳಿಸಿದೆ.
ಒಬ್ಬಾಕಿ ತಹಶೀಲ್ದಾರ, ಒಬ್ಬಾಕಿ ಪಿಎಸ್‌ಐ,
ಎಲ್ಲಾರಿಗೂ ಗೊತ್ತಿರೂ ಒಂಬತ್ತು ಹೆಸರು.
ಹತ್ತನೇದು ದುಂಡವ್ವ ತಳಕೇರಿ.
ಸಾಧನೆ ಅನ್ನೂ ಕಾಲಮ್ಮು ಖಾಲಿ ಬಿಟ್ಟೀನಿ.
ಭರ್ತಿ ಮಾಡ್ರಿ ಅಂತ ನಾಳಿ ಫೋನ್ ಬರ್ತೈತಿ, ಬರಲಿ.

ಹೊರಗ ಟ್ಯಾಂಕಿಗೆ ಬೆಳ್ಳಿ ಬಣ್ಣ ಹಚ್ಚಾಕತ್ತಾರ.
ಕಿಟಕಿ ಮುಚ್ಚೂ ಮುಂಚೆ
ತಿದ್ದುಪಡಿ ಫಾರ್ಮು ಒಂದು ನನಗಂತ ತಗದಿಟ್ಟೆ.
ಚಲನ್ ಇನ್ನೂರು ರೂಪಾಯಿ.
ಸೋಮವಾರ ಬಾ ಅಂದೆ,
ಕಾಜಿನಾಗ ಕಂಡ ಆಕಿಗೆ.